ಬೆಂಕಿ ದಾಟಿ ಬಂದ ಹಲ್ಲು

2022ರ ಜೂನ್ 3, ಮುಂಜಾನೆ. ಗೋವಾದಿಂದ ಹೈದರಾಬಾದಿಗೆ ಹೊರಟ ಖಾಸಗಿ ಬಸ್ಸು ಕಲಬುರಗಿ ದಾಟಿ ಹುಮನಾಬಾದಿನ ದಾರಿ ಹಿಡಿದಿದೆ. ಕಮಲಾಪುರದ ಬಳಿ ಸರಕು ವಾಹನಕ್ಕೆ ಢಿಕ್ಕಿ. ಬಸ್ಸು ರಸ್ತೆ ಬಿಟ್ಟು ಉರುಳಿತು, ಧಗ್ಗನೆ ಹೊತ್ತಿಕೊಂಡಿತು. ಆದವರು ಹೊರಬಿದ್ದು ಜೀವ ಉಳಿಸಿಕೊಂಡರು. 7 ಮಂದಿಗೆ ಆಗಲಿಲ್ಲ.

ಮುಖವೂ ಬೆರಳಚ್ಚೂ ಉಳಿಯದಂಥ ಬೆಂಕಿ ಆರಿದ ಮೇಲೆ ಸತ್ತವರ ಗುರುತು ಹಿಡಿಯುವ ಇನ್ನೊಂದು ಹೋರಾಟ ಶುರು. ಅದರ ವೀರ ಒಂದು ದವಡೆ ಹಲ್ಲು. ಎನಾಮಲ್ಲಿನ ಕೋಟೆಯೊಳಗೆ ಡಿಎನ್‌ಎ ಇನ್ನೂ ಉಸಿರು ಹಿಡಿದಿದೆ. ಆದರೆ ಶಾಖ ಅದನ್ನು ತುಂಡು ತುಂಡು ಮಾಡಿದೆ.

ಪ್ರಯೋಗಾಲಯದಲ್ಲಿ ಮೊದಲ ಶತ್ರು ತನಿಖೆ ಮಾಡುವವರೇ. ಒಂದು ಸೀನು, ಒಂದು ಚರ್ಮದ ಹೊಟ್ಟು ಬಿದ್ದರೂ ಸತ್ತವರ ಬದಲು ಪರೀಕ್ಷಕರ ಗುರುತು ಬಂದೀತು! ಅದಕ್ಕೇ ಮಾಸ್ಕು, ಎರಡೆರಡು ಗ್ಲೌಸು. ಹಲ್ಲಿನ ಮೇಲ್ಮೈ ಉಜ್ಜಿ, ಬ್ಲೀಚಿನಲ್ಲಿ ತೊಳೆದು, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಪುಡಿ ಮಾಡುತ್ತಾರೆ. ಇಡಿಟಿಎ ದ್ರಾವಣ ಕ್ಯಾಲ್ಸಿಯಂ ಕಳಚುತ್ತದೆ. 56 ಡಿಗ್ರಿಯಲ್ಲಿ ಪ್ರೋಟೀನೇಸ್ ಕೆ ಕಿಣ್ವ ಪ್ರೋಟೀನನ್ನು ಅರಗಿಸುತ್ತದೆ. ಸಿಲಿಕಾ ಕಣಗಳಿಗೆ ಡಿಎನ್‌ಎ ಅಂಟಿಕೊಂಡಾಗ ಮಿಕ್ಕ ಕೊಳೆಯನ್ನೆಲ್ಲ ತೊಳೆದು ಚೆಲ್ಲುತ್ತಾರೆ.

ಸಿಕ್ಕಿದ್ದು ಕಣ್ಣಿಗೆ ಕಾಣದಷ್ಟು. ಅದು ಪ್ರತಿ ತೆಗೆಯುವ ಪಿಸಿಆರ್ ಯಂತ್ರಕ್ಕೆ ಹೋಗುತ್ತದೆ. 94 ಡಿಗ್ರಿಗೆ ಎಳೆಗಳು ಬಿಚ್ಚುತ್ತವೆ, 60ರ ಆಸುಪಾಸಿಗೆ ಇಳಿದಾಗ ನಕಲು ಶುರುಮಾಡುವ ಪ್ರೈಮರ್‌ಗಳು ಕೂರುತ್ತವೆ, 72ರಲ್ಲಿ ಹೊಸ ಎಳೆ ಬೆಳೆಯುತ್ತದೆ. ಮತ್ತೆ ಕಾವು, ಮತ್ತೆ ತಂಪು. 28 ಸುತ್ತು ಮುಗಿದರೆ ಲೆಕ್ಕದಲ್ಲಿ ಒಂದು ತುಣುಕು 26 ಕೋಟಿ ದಾಟುತ್ತದೆ.

ಪ್ರತಿಗಳು ಕೂದಲೆಳೆಯಂಥ ಕೊಳವೆಯಲ್ಲಿ ಓಡುತ್ತವೆ. ಗಿಡ್ಡವು ಮುಂದೆ, ಉದ್ದವು ಹಿಂದೆ. ಲೇಸರ್ ತಾಗಿ ಪರದೆಯ ಮೇಲೆ ಶಿಖರಗಳು ಏಳುತ್ತವೆ. ಡಿಎನ್‌ಎಯ ಒಂದು ತಾಣದಲ್ಲಿ 15 ಮತ್ತು 17: ಒಂದೇ ಅಕ್ಷರಗುಚ್ಛ ಒಂದು ಕಡೆ 15 ಸಲ, ಇನ್ನೊಂದು ಕಡೆ 17 ಸಲ ಮರುಕಳಿಸಿದೆ. ಒಂದು ತಾಯಿಯದು, ಒಂದು ತಂದೆಯದು. ಬೆಂಕಿ ತಿಂದ ಮಾದರಿಯಲ್ಲಿ ಉದ್ದದ ತಾಣಗಳು ಬರಿದಾಗಿರುತ್ತವೆ. ಆಗ ಇನ್ನೂ ಗಿಡ್ಡ ತುಣುಕುಗಳನ್ನೇ ಗುರಿಯಿಟ್ಟು ಮತ್ತೊಂದು ಪ್ರಯತ್ನ. ಡಿಎನ್‌ಎ ಹಾಕದೆ ಓಡಿಸಿದ ಖಾಲಿ ಟ್ಯೂಬಿನಲ್ಲಿ ಒಂದು ಶಿಖರ ಎದ್ದರೂ ಮಾಡಿದ್ದೆಲ್ಲ ನೀರುಪಾಲು, ಮೊದಲಿನಿಂದ ಶುರು.

ಗೆದ್ದರೆ ಸಿಗುವುದು ಇಪ್ಪತ್ತು ಚಿಲ್ಲರೆ ಜೋಡಿ ಅಂಕಿಗಳು, ಹೆಸರಲ್ಲ. ಹೆಸರು ಸಿಗಲು ತಾಯಿ, ತಂದೆ, ಇಲ್ಲವೇ ಮಕ್ಕಳು ಕೆನ್ನೆಯ ಒಳಭಾಗದ ಸ್ವಾಬ್ ಅಥವಾ ಒಂದು ಹನಿ ರಕ್ತ ಕೊಡಬೇಕು.

ಅದೂ ಸಾಲದೆ ಹೋದದ್ದುಂಟು. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಕಣಿವೆಗೆ ಬಿತ್ತು. 8 ಮಂದಿ ಬದುಕಿದರು, 158 ಮಂದಿ ಸತ್ತರು. ಗುರುತು ಸಿಗದ ದೇಹಗಳ ಮಾದರಿಯನ್ನು ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರ ಪರೀಕ್ಷಿಸಿತು. ಕೆಲವರಿಗೆ ಹೆಸರು ಸಿಕ್ಕಿತು. 12 ದೇಹಗಳು ಮಾತ್ರ ಕಾದು ಕೂತಿದ್ದ ಯಾರ ರಕ್ತಕ್ಕೂ ಹೊಂದಲಿಲ್ಲ. ಪ್ರಯಾಣಿಕರ ಪಟ್ಟಿ ಕೈಯಲ್ಲೇ ಇತ್ತು. ಹಾಗಿದ್ದೂ ಹೊಂದದಿದ್ದರೆ, ದುಃಖದ ಅವಸರದಲ್ಲಿ ಒಬ್ಬರ ದೇಹ ಇನ್ನೊಬ್ಬರ ಮನೆ ಸೇರಿರಬೇಕು. ಆ 12 ಮಂದಿಯನ್ನು ಕೂಳೂರಿನ ಬಳಿ ಒಟ್ಟಿಗೆ ಮಣ್ಣು ಮಾಡಿದರು.

ಆದ್ದರಿಂದ ಸುಟ್ಟ ದೇಹವನ್ನು ಉಂಗುರ ನೋಡಿ, ಬಟ್ಟೆ ನೋಡಿ ಒಪ್ಪಿಕೊಳ್ಳಬೇಡಿ. ಎಷ್ಟೇ ಸಂಕಟವಾದರೂ ವರದಿ ಬರುವ ತನಕ ಕಾಯಿರಿ. ನಿಮ್ಮ ಅವಸರ ಇನ್ನೊಂದು ಮನೆಯ ಮಗನನ್ನು ಹೆಸರಿಲ್ಲದೆ ಮಣ್ಣಿಗೆ ಸೇರಿಸೀತು.