ಬಲಗಣ್ಣು ಹಾರಿದ್ರೆ ಶುಭವಂತೆ!

ಅಪ್ಪನ ಬಲಗಣ್ಣು ಹಾರೋಕೆ ಶುರುವಾಗಿದ್ದು ನವರಾತ್ರಿ ಹೊತ್ತಿಗೆ. ಆಗ ಕೊಲ್ಲೂರಲ್ಲಿ ಕಾಲಿಡೋಕೂ ಜಾಗ ಇರಲ್ಲ. ದೇವಸ್ಥಾನದ ಹತ್ತಿರ ನಮ್ಮದೊಂದು ಪುಟ್ಟ ಹಣ್ಣುಕಾಯಿ ಅಂಗಡಿ. "ಗಂಡಸರಿಗೆ ಬಲಗಣ್ಣು ಹಾರಿದ್ರೆ ಶುಭ, ಮಗನ ಮದುವೆ ಆಗತ್ತೆ" ಅಂತ ಪಕ್ಕದವರು ತಮಾಷೆ ಮಾಡಿದ್ರಂತೆ. ಬೆಂಗಳೂರಲ್ಲಿ ಕೂತು ಫೋನಲ್ಲಿ ನಾನೂ ನಕ್ಕೆ. "ನಿದ್ದೆ ಕಡಿಮೆ ಆಗಿರ್ಬೇಕು" ಅಂದು ಮೀಟಿಂಗ್‌ಗೆ ಓಡಿದೆ. ರಿಲೀಸ್ ನೆಪದಲ್ಲಿ ದೀಪಾವಳಿಗೂ ಊರಿಗೆ ಹೋಗಲಿಲ್ಲ.

ಯುಗಾದಿಗೆ ಹೋದಾಗ ನಗು ಬರಲಿಲ್ಲ. ಕಣ್ಣಿನ ಸೆಳೆತ ಕೆನ್ನೆ, ತುಟಿಯ ಅಂಚಿಗೂ ಇಳಿದಿತ್ತು. ನಿದ್ದೆಯಲ್ಲೂ ಬಲಗೆನ್ನೆ ಅದುರುತ್ತಿತ್ತು. "ನಂಗೆಂತ ಆಯಿಲ್ಲ ಮಗಾ" ಅಂದರೂ ಕೇಳದೆ ಮಣಿಪಾಲಕ್ಕೆ ಕರೆದುಕೊಂಡು ಹೋದೆ.

ಎಂಆರ್‌ಐ ನೋಡಿ ವೈದ್ಯರು ಹೇಳಿದ ಹೆಸರು ಡೋಲಿಕೋಎಕ್ಟೇಸಿಯಾ. ಅನ್ಯೂರಿಸಂನಲ್ಲಿ ಸಾಮಾನ್ಯವಾಗಿ ರಕ್ತನಾಳ ಒಂದು ಕಡೆ ಬಲೂನಿನಂತೆ ಉಬ್ಬುತ್ತದೆ. ಇಲ್ಲಿ ಇಡೀ ನಾಳವೇ ಉದ್ದವಾಗಿ, ಅಗಲವಾಗಿ, ಡೊಂಕಾಗುತ್ತದೆ. ಮೆದುಳಿನ ಕಾಂಡದ ಮುಂದಿರುವ ಬೇಸಿಲಾರ್ ನಾಳದ ಅಗಲ 4.5 ಮಿ.ಮೀ. ದಾಟಿದರೆ ಹಿಗ್ಗಿದೆ ಅಂತ ಲೆಕ್ಕ. ಅಪ್ಪನದ್ದು 6. ಅದು ಮುಖದ ನರವನ್ನು ಒತ್ತುತ್ತಿತ್ತು. ಹಿಗ್ಗಿದ ನಾಳದಲ್ಲಿ ರಕ್ತ ನಿಧಾನವಾಗಿ, ಹೆಪ್ಪುಗಟ್ಟಿ ಸ್ಟ್ರೋಕ್ ಆಗಬಹುದು. ಅಪರೂಪಕ್ಕೆ ನಾಳ ಒಡೆಯಲೂಬಹುದು.

"ಹೊಳೆ ಅಗಲ ಆದಲ್ಲಿ ಕಸ ನಿಲ್ಲತ್ತಲ್ದಾ, ಹಾಂಗೆ" ಅಂದರು ಅಪ್ಪ. ಸೌಪರ್ಣಿಕಾ ನೋಡಿ ಬೆಳೆದವರಿಗೆ ಇನ್ನೇನು ವಿವರಿಸಬೇಕು!

"ಬಿಪಿ ಮಾತ್ರೆ ತಗೋತೀರಾ?" ಅಂತ ವೈದ್ಯರು ಕೇಳಿದಾಗ ಮಾತ್ರ ಅಪ್ಪ ನನ್ನ ಮುಖ ನೋಡಿದರು. ತಲೆನೋವೇ ಇಲ್ಲ ಅಂತ ನಿಲ್ಲಿಸಿ ಎರಡು ವರ್ಷ ಆಗಿತ್ತಂತೆ. ನಾನು ದಿನಕ್ಕೆಷ್ಟು ಹೆಜ್ಜೆ ನಡೆದೆ ಅಂತ ಫೋನ್ ನೋಡಿ ಹೇಳಬಲ್ಲೆ. ಇದು ಮಾತ್ರ ಗೊತ್ತಿರಲಿಲ್ಲ.

ಹಿಗ್ಗಿದ ನಾಳವನ್ನು ಮೊದಲಿನಂತೆ ಮಾಡುವ ಮಾತ್ರೆ ಇಲ್ಲ. ಬಿಪಿ ಹತೋಟಿಯಲ್ಲಿಡಬೇಕು. ಸೆಳೆತಕ್ಕೆ ಕೆಲವು ತಿಂಗಳಿಗೊಮ್ಮೆ ಬೊಟಾಕ್ಸ್ ಇಂಜೆಕ್ಷನ್. ಈಗ ಮುಖ ಬಹುಮಟ್ಟಿಗೆ ಶಾಂತ. ಭಯ ಮಾತ್ರ ಹೋಗಿಲ್ಲ. ಸ್ಟ್ರೋಕ್ ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಲ್ಲೂರಿಂದ ಮಣಿಪಾಲಕ್ಕೆ ಸುಮಾರು 80 ಕಿ.ಮೀ., ಅದರಲ್ಲೂ ಮಳೆಗಾಲ ಬೇರೆ. "ಬಾಯಿ ಓರೆ, ಕೈ ಸೋಲು, ಮಾತು ತೊದಲು: ತಕ್ಷಣ 108" ಅಂತ ಅಮ್ಮ ಫ್ರಿಜ್ ಮೇಲೆ ಬರೆದು ಅಂಟಿಸಿದ್ದಾರೆ.

ಕಣ್ಣು ಹಾರೋದು ಬಹುತೇಕ ಸಲ ನಿದ್ದೆಗೆಟ್ಟದ್ದಕ್ಕೇ, ಹೆದರಬೇಡಿ. ಆದರೆ ಸೆಳೆತ ವಾರಗಟ್ಟಲೆ ನಿಲ್ಲದಿದ್ದರೆ, ಕೆನ್ನೆಗಿಳಿದರೆ ವೈದ್ಯರಿಗೆ ತೋರಿಸಿ. ಇವತ್ತು ಮನೆಗೆ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆ "ಮಾತ್ರೆ ಆಯ್ತಾ" ಅಂತಲೂ ಕೇಳಿ. ನಾನು ರಾತ್ರಿ ಎಂಟಕ್ಕೆ ಕೇಳ್ತೀನಿ. ಅಪ್ಪ ಬೈತಾರೆ, ಆಮೇಲೆ ಖಾಲಿಯಾದ ಸ್ಟ್ರಿಪ್‌ನ ಫೋಟೋ ಕಳಿಸ್ತಾರೆ.