ಲ್ಯಾಬ್ ನೋಡಿ ಸೇರಿಸಿ

ಬಿಎಸ್ಸಿಗೆ ಕಾಲೇಜು ಹುಡುಕುವ ಮನೆಗಳಲ್ಲಿ ಪಿಸಿಎಂ ಇದೆಯಾ, ಸಿಬಿಝೆಡ್ ಇದೆಯಾ, ಫೀಸೆಷ್ಟು, ಹಾಸ್ಟೆಲ್ ಹತ್ತಿರವಾ ಅನ್ನುವುದೇ ಮಾತು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಂದು ಬ್ಯುರೆಟ್ಟಿಗೆ ಎಷ್ಟು ಮಕ್ಕಳು ಅಂತ ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದ್ದು ಅದನ್ನೇ.

ಪರ್ಮಾಂಗನೇಟ್ ಟೈಟ್ರೇಶನ್ ತೆಗೆದುಕೊಳ್ಳಿ. ಆಕ್ಸಾಲಿಕ್ ಆಮ್ಲಕ್ಕೆ ಸಲ್ಫ್ಯೂರಿಕ್ ಆಮ್ಲ ಬೆರೆಸಿ ಸುಮಾರು 60 ಡಿಗ್ರಿಗೆ ಬಿಸಿ ಮಾಡಬೇಕು. ಅದರ ಬದಲು ಹೈಡ್ರೋಕ್ಲೋರಿಕ್ ಹಾಕಿದರೆ ಪರ್ಮಾಂಗನೇಟ್ ಕ್ಲೋರೈಡಿನ ಮೇಲೂ ಖರ್ಚಾಗಿ ಲೆಕ್ಕ ತಪ್ಪುತ್ತದೆ. ಬ್ಯುರೆಟ್ಟಿನಿಂದ ಬೀಳುವ ಪರ್ಮಾಂಗನೇಟಿನ ಮೊದಲ ಹನಿಗಳ ಬಣ್ಣ ಮಾಯವಾಗುವುದು ನಿಧಾನ. ಆಮೇಲೆ ಅಲ್ಲೇ ಹುಟ್ಟಿದ ಮ್ಯಾಂಗನೀಸ್ ಅಯಾನುಗಳು ಕ್ರಿಯೆಗೆ ವೇಗ ಕೊಡುತ್ತವೆ. ಕೊನೆಗೆ ಒಂದೇ ಒಂದು ಹನಿಗೆ ತಿಳಿಗುಲಾಬಿ ಬಣ್ಣ ನಿಂತುಬಿಡುತ್ತದೆ! ಎಷ್ಟು ಸಲ ಕಂಡರೂ ಖುಷಿ ಕೊಡುವ ಕ್ಷಣ ಅದು. ಪಕ್ಕದವರ ರೆಕಾರ್ಡ್ ನೋಡಿ ಬರೆದುಕೊಂಡರೆ ಈ ವಿದ್ಯೆ ಬರುವುದಿಲ್ಲ, ಸ್ಟಾಪ್‌ಕಾಕ್ ತಿರುಗಿಸುವ ಬೆರಳಿಗೇ ಬರಬೇಕು.

ವಿಷಾನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್ ಕೆಲಸ ಮಾಡುತ್ತದೆಯೇ ಎಂದೂ ವಿಚಾರಿಸಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ವಿಪರೀತವಾದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಅಪಾಯ ಇರುವುದು ಅಲ್ಲೇ.

ಮಾಮೂಲಿ ಬಿಎಸ್ಸಿ ಎಂದು ಹಗುರವಾಗಿ ಕಾಣಬೇಡಿ. ಭಾರತರತ್ನ ಸಿ.ಎನ್.ಆರ್. ರಾವ್ 1951ರಲ್ಲಿ ಬಿಎಸ್ಸಿ ಮುಗಿಸಿದ್ದು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ.

ಈ ಸಲ ಅರ್ಜಿ ಹಾಕುವ ಮುನ್ನ ಮಗಳನ್ನೋ ಮಗನನ್ನೋ ಕರೆದುಕೊಂಡು ಹೋಗಿ, ಲ್ಯಾಬ್ ತೋರಿಸಿ ಎಂದು ಕೇಳಿ. ತೋರಿಸಲು ಹಿಂಜರಿದರೆ ಬೇರೆ ಕಾಲೇಜು ನೋಡಿ.