ಗೋದಾಮು ಹೋಗಿ ಗಡಂಗು

ಮಲಯ ಭಾಷೆಯಲ್ಲಿ ಗೋದಾಮಿಗೆ ‘ಗುದಾಂಗ್’ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ‘ಗಡಂಗು’ ಎಂದರೆ ಶೇಂದಿ, ಸಾರಾಯಿ ಮಾರುವ ಅಂಗಡಿ. ಎರಡು ಪದಗಳೂ ನೆಂಟರೋ ಅಲ್ಲವೋ ಪಂಡಿತರು ಹೇಳಲಿ. ಸಿಂಗಾಪುರದ ಕ್ಲಾರ್ಕ್ ಕೀಯಲ್ಲಂತೂ ಗುದಾಂಗುಗಳು ನಿಜವಾಗಿಯೇ ಗಡಂಗುಗಳಾಗಿವೆ!

‘ಕೀ’ ಎಂದರೆ ದಕ್ಕೆ. 2015ರಲ್ಲಿ ಮಗನ ಮನೆಗೆ ಹೋಗಿದ್ದಾಗ ಒಂದು ಸಂಜೆ ಸೊಸೆ ಅಲ್ಲಿಗೆ ಕರೆದೊಯ್ದಳು. ಹೊಳೆಯ ದಡದಲ್ಲಿ ಸಾಲು ಸಾಲು ಹಳೆಯ ಗೋದಾಮುಗಳು. ಗೋಡೆಗೆ ಗಾಢ ಬಣ್ಣ, ಒಳಗೆ ಊಟದ ಮೇಜುಗಳು, ಸಂಗೀತ. ಓಣಿಗಳ ಮೇಲೆ 2006ರಲ್ಲಿ ಹಾಕಿದ ಕೊಡೆಯಂಥ ಚಪ್ಪರ. “ಅತ್ತೆ, ಏನಾದರೂ ಕುಡೀತೀರಾ?” ಎಂದಳು. ಒಂದು ಲೋಟ ಹಣ್ಣಿನ ರಸದ ಬೆಲೆಗೆ ನಮ್ಮೂರಲ್ಲಿ ವಾರದ ತರಕಾರಿ ಬರುತ್ತದೆ. ಹೊಳೆಯ ಗಾಳಿ ಪುಕ್ಕಟೆ, ಅದನ್ನೇ ಕುಡಿದೆವು.

ನನಗೆ ಗೋದಾಮು ಹೊಸತಲ್ಲ. ನಮ್ಮಪ್ಪ ಮಂಗಳೂರಿನ ಹಳೇ ಬಂದರಿನ ಗೋದಾಮೊಂದರಲ್ಲಿ ಗುಮಾಸ್ತರಾಗಿದ್ದರು. ಅವರ ಅಂಗಿಗೆ ಒಣಮೆಣಸು, ಕೊಬ್ಬರಿ, ಗೋಣಿಚೀಲಗಳ ವಾಸನೆ. ಅಮ್ಮ ಎರಡೆರಡು ಸಲ ಸೋಪು ಹಾಕಿ ಒಗೆದರೂ ಹೋಗುತ್ತಿರಲಿಲ್ಲ. ಕ್ಲಾರ್ಕ್ ಕೀಯ ಗೋಡೆಯ ಹತ್ತಿರ ನಿಂತು ಉಸಿರೆಳೆದುಕೊಂಡೆ. ಯಾವ ವಾಸನೆಯೂ ಉಳಿದಿರಲಿಲ್ಲ.

ಒಂದು ಕಾಲಕ್ಕೆ ಆ ಹೊಳೆಯ ತುಂಬ ಸರಕಿನ ದೋಣಿಗಳು. ಚೀನಾದಿಂದಲೂ ದಕ್ಷಿಣ ಭಾರತದಿಂದಲೂ ಬಂದ ಕೂಲಿಗಳು ಅಲ್ಲಿ ದುಡಿದರು. ಹೊಳೆ ಚರಂಡಿಯಂತೆ ನಾರುತ್ತಿತ್ತು. ಹತ್ತು ವರ್ಷದಲ್ಲಿ ಅದು ಶುದ್ಧವಾಗಬೇಕೆಂದು 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಹೇಳಿದರು. 1983ರಲ್ಲಿ ದೋಣಿಗಳನ್ನು ಪಾಸಿರ್ ಪಾಂಜಾಂಗಿಗೆ ಕಳಿಸಿದರು. ಆ ಹೊಳೆಗೂ ಪಕ್ಕದ ಕಲಾಂಗ್ ಹೊಳೆಗೂ ನೀರು ಹರಿದು ಬರುವ ಪ್ರದೇಶದಿಂದ ಸುಮಾರು 26,000 ಕುಟುಂಬಗಳನ್ನು ಎಬ್ಬಿಸಿ ಸರ್ಕಾರಿ ಮನೆಗಳಿಗೆ ಸೇರಿಸಿದರು. 1987ಕ್ಕೆ ಕೆಲಸ ಮುಗಿಯಿತು. ಕ್ಲಾರ್ಕ್ ಕೀಯ ಹಳೆಯ ಕಟ್ಟಡಗಳನ್ನು 1989ರಲ್ಲಿ ಸಂರಕ್ಷಿತವೆಂದು ಸಾರಿ, 1993ರಲ್ಲಿ ವಿಹಾರತಾಣವಾಗಿ ತೆರೆದರು.

ಹಳೆಯದು ಹೋಯಿತೆಂದು ಸುಮ್ಮನೆ ಅಳುವವಳಲ್ಲ ನಾನು. ಬೀದಿನಲ್ಲಿಯೆದುರು ಕೊಡ ಹಿಡಿದು ಕಾದವಳು. ಮನೆಯೊಳಗೇ ನೀರು ಬಂದರೆ ಹೆಂಗಸಿಗೆ ಎಷ್ಟು ಸುಖವೆಂದು ಬಲ್ಲೆ. ಆದರೆ ಕಷ್ಟಸುಖಕ್ಕಾಗುತ್ತಿದ್ದ ನೆರೆಹೊರೆ ಬಿಟ್ಟು ಇನ್ನೆಲ್ಲೋ ಹೊಸದಾಗಿ ಒಲೆ ಹೂಡುವ ಸಂಕಟವನ್ನೂ ಬಲ್ಲೆ. ಹೊಸ ಮನೆಯ ಕೀಲಿಕೈ ಸಿಕ್ಕಿತೆಂದ ಮಾತ್ರಕ್ಕೆ ಆ ಲೆಕ್ಕ ಚುಕ್ತಾ ಆಗುವುದಿಲ್ಲ.

ಅದೇ ಹೊಳೆಯ ಕೆಳಗಡೆ, ಕ್ಯಾವೆನಾ ಸೇತುವೆಯ ಹತ್ತಿರ, ನೀರಿಗೆ ಜಿಗಿಯುತ್ತಿರುವ ಐವರು ಹುಡುಗರ ಕಂಚಿನ ಪ್ರತಿಮೆಗಳಿವೆ. ಮೂಟೆ ಹೊರುವ ಕೂಲಿಗಳೂ ಕಂಚಿನಲ್ಲಿದ್ದಾರೆ. ಜನ ಅವರ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ.

ನಮ್ಮ ಬಂದರನ್ನೂ ಹೀಗೆಯೇ ಮಾಡಬೇಕೆಂದು ಊರಿನ ಹುಡುಗರು ಹೇಳುವುದುಂಟು. ಮಾಡಲಿ. ಹೆಂಚು ಉದುರಿ ಹಾಳು ಬೀಳುವುದಕ್ಕಿಂತ ನಾಲ್ಕು ದೀಪ ಹಚ್ಚುವುದು ಮೇಲು. ಆದರೆ ಮೊದಲು ಮೂಟೆ ಹೊರುವವರಿಗೆ, ದಕ್ಕೆಯಲ್ಲಿ ಮೀನುಬುಟ್ಟಿ ಇಟ್ಟು ಕೂರುವ ಹೆಂಗಸರಿಗೆ ಅಲ್ಲಿಯೇ ಒಂದು ಜಾಗ ಗೊತ್ತುಮಾಡಿ, ಆಮೇಲೆ ಗೋಡೆಗೆ ಬಣ್ಣ ಹೊಡೆಯಲಿ. ಬದುಕಿರುವಾಗ ಎಬ್ಬಿಸಿ ಕಳಿಸಿ, ಮುಂದೊಂದು ದಿನ ಕಂಚಿನಲ್ಲಿ ಕೂರಿಸಿದರೆ ಅವಳ ಮನೆಯ ಒಲೆ ಉರಿಯುವುದಿಲ್ಲ.